ಅಷ್ಟು ಚೆನ್ನಾಗಿ ಹಾಡಿದವರು ಎಲಿಮಿನೇಟ್ ಆಗೋದು ಯಾಕೆ?

2004ರ ಏಪ್ರಿಲ್. ಟಿವಿಯ ಹಾಡಿನ ಸ್ಪರ್ಧೆ ಅಮೆರಿಕನ್ ಐಡಲ್‌ನ ಮೂರನೇ ಸೀಸನ್. ಆ ವಾರ ಅತಿ ಕಡಿಮೆ ಮತ ಬಂದವರು ಮೂವರು ಗಾಯಕಿಯರು: ಜೆನ್ನಿಫರ್ ಹಡ್ಸನ್, ಫ್ಯಾಂಟೇಶಿಯಾ ಬ್ಯಾರಿನೋ, ಲಾ ಟೋಯಾ ಲಂಡನ್. ಇಡೀ ಸೀಸನ್‌ನಲ್ಲಿ ಗಟ್ಟಿ ದನಿ ಅಂದರೆ ಈ ಮೂವರದೇ. ಅವರಲ್ಲಿ ಹಡ್ಸನ್ ಮನೆಗೆ ಹೋದರು, ಏಳನೇ ಸ್ಥಾನಕ್ಕೇ ಮುಗಿಯಿತು. ಐದು ವಾರ ಕಳೆದ ಮೇಲೆ ಇಡೀ ಸ್ಪರ್ಧೆ ಗೆದ್ದವರು ಯಾರು ಗೊತ್ತಾ? ಅದೇ ಮೂವರಲ್ಲಿ ಒಬ್ಬರಾದ ಫ್ಯಾಂಟೇಶಿಯಾ. 2007ರಲ್ಲಿ ಹಡ್ಸನ್ ತಮ್ಮ ಮೊದಲ ಸಿನಿಮಾಕ್ಕೇ ಆಸ್ಕರ್ ತೆಗೆದುಕೊಂಡರು.

ಹಾಗಾದರೆ ಆ ರಾತ್ರಿ ಜನ ತಪ್ಪು ಮಾಡಿದರಾ? ಅವರಿಗೆ ಕಿವಿ ಇರಲಿಲ್ಲವಾ? ನೆಚ್ಚಿನ ಗಾಯಕರು ಹೊರಗೆ ಹೋದಾಗ ನಮ್ಮ ಬಾಯಿಂದ ಮೊದಲು ಬರುವ ಮಾತು "ಮೋಸ" ಅಂತ. ಕೆಲವು ಸಲ ಅದು ನಿಜವೂ ಹೌದು, ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಆದರೆ ಹೆಚ್ಚಿನ ಸಲ ಯಾರೂ ಮೋಸ ಮಾಡಿರುವುದಿಲ್ಲ. ಲೆಕ್ಕ ಹಾಕುವ ರೀತಿಯೇ ಹಾಗಿರುತ್ತದೆ. ಒಳ್ಳೆಯ ಗಾಯಕರು ಹೇಗೆ ಆ ಲೆಕ್ಕದಲ್ಲಿ ಸಿಕ್ಕಿಬೀಳುತ್ತಾರೆ ಅನ್ನೋದನ್ನು ಬಿಡಿಸಿ ನೋಡೋಣ.

ಹೊರಗೆ ಹಾಕಿ ಅಂತ ಯಾರೂ ಹೇಳಿರುವುದಿಲ್ಲ

ಒಂದು ವಿಷಯ ಮೊದಲೇ ತಲೆಯಲ್ಲಿ ಕೂರಬೇಕು. ಇಂಥ ಬಹುತೇಕ ಸ್ಪರ್ಧೆಗಳಲ್ಲಿ "ಇವರು ಹೋಗಲಿ" ಅಂತ ವೋಟ್ ಹಾಕಲು ಜಾಗವೇ ಇರುವುದಿಲ್ಲ. "ಇವರು ಉಳಿಯಲಿ" ಅಂತ ಮಾತ್ರ ಹಾಕಬಹುದು. ಕೇಳಲು ಎರಡೂ ಒಂದೇ ಅನ್ನಿಸುತ್ತದೆ ಅಲ್ವಾ? ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಆರು ಜನ ಗಾಯಕರಿದ್ದಾರೆ, ನೂರು ಜನ ನೋಡುವವರಿದ್ದಾರೆ ಅಂದುಕೊಳ್ಳಿ. ಪ್ರತಿಯೊಬ್ಬರೂ ತಮಗೆ ತುಂಬಾ ಇಷ್ಟವಾದವರಿಗೆ ಒಂದು ವೋಟ್ ಹಾಕುತ್ತಾರೆ. ಮೊದಲನೆಯವರಿಗೆ 24, ಎರಡನೆಯವರಿಗೆ 20, ಮೂರನೆಯವರಿಗೆ 16, ನಾಲ್ಕನೆಯವರಿಗೆ 15, ಐದನೆಯವರಿಗೆ 13, ಆರನೆಯವರಿಗೆ 12. ಆರನೆಯವರು ಹೊರಗೆ. ಈಗ ಅದೇ ನೂರು ಜನರನ್ನು ಇನ್ನೊಂದು ಪ್ರಶ್ನೆ ಕೇಳಿ: "ನಿಮ್ಮ ನೆಚ್ಚಿನವರನ್ನು ಬಿಟ್ಟರೆ ಮತ್ತೆ ಯಾರು ಇಷ್ಟ?" ಎಪ್ಪತ್ತು ಜನ ಆ ಆರನೆಯವರ ಹೆಸರನ್ನೇ ಹೇಳಬಹುದು. ಅಂದರೆ ಮನೆಮನೆಯಲ್ಲೂ ಇಷ್ಟವಾದವರು, ಹೆಚ್ಚಿನ ಮನೆಗಳಲ್ಲಿ ಮೊದಲನೆಯವರಲ್ಲ. ಆ ಎಪ್ಪತ್ತು ಜನರ ಇಷ್ಟಕ್ಕೆ ಲೆಕ್ಕದಲ್ಲಿ ಸಿಗುವ ಬೆಲೆ ಸೊನ್ನೆ.

ಇನ್ನೊಂದು ಕಡೆ, ಎಂಬತ್ತು ಜನರಿಗೆ ಕೇಳಲೂ ಇಷ್ಟವಿಲ್ಲದ, ಆದರೆ ಹದಿನೈದು ಜನ ಪ್ರಾಣ ಬಿಡುವಷ್ಟು ಹಚ್ಚಿಕೊಂಡಿರುವ ಗಾಯಕರು ಆರಾಮಾಗಿ ಉಳಿಯುತ್ತಾರೆ. ಬೇಡ ಅನ್ನುವ ಎಂಬತ್ತು ಜನರ ಕೈಯಲ್ಲಿ ಆಯುಧವೇ ಇಲ್ಲ.

ಹಡ್ಸನ್ ಅವರ ರಾತ್ರಿಗೆ ಇದನ್ನು ಹೊಂದಿಸಿ ನೋಡಿ. ಒಂದೇ ಬಗೆಯ ಹಾಡು, ಒಂದೇ ಬಗೆಯ ದೊಡ್ಡ ದನಿ ಇರುವ ಮೂವರು ಒಟ್ಟಿಗೆ ನಿಂತಾಗ ಆ ಬಗೆ ಇಷ್ಟಪಡುವ ಜನರ ವೋಟ್ ಮೂರು ಪಾಲಾಗುತ್ತದೆ. ಬೇರೆ ಬಗೆಯಲ್ಲಿ ಒಬ್ಬರೇ ಹಾಡುತ್ತಿದ್ದರೆ ಅವರಿಗೆ ಪಾಲುದಾರರೇ ಇಲ್ಲ. ಮೂವರೂ ಒಟ್ಟಿಗೆ ಕೆಳಗೆ ಬಿದ್ದದ್ದಕ್ಕೆ ಇದಕ್ಕಿಂತ ಸರಳ ವಿವರಣೆ ನನಗೆ ಕಾಣುವುದಿಲ್ಲ. ಮುಂದಿನ ವಾರಗಳಲ್ಲಿ ಪಾಲುದಾರರು ಕಡಿಮೆಯಾದಂತೆ ಫ್ಯಾಂಟೇಶಿಯಾ ಮೇಲೆ ಬಂದರು.

"ಅವರಿಗೇನು, ಉಳೀತಾರೆ ಬಿಡಿ"

ಈ ಮಾತಿನಷ್ಟು ಒಳ್ಳೆಯ ಗಾಯಕರನ್ನು ಮನೆಗೆ ಕಳಿಸಿದ ಮಾತು ಇನ್ನೊಂದಿಲ್ಲ. ನಾನೂ ಇದನ್ನು ಹೇಳಿದ್ದೇನೆ. ಇಷ್ಟದ ಗಾಯಕಿ ಅದ್ಭುತವಾಗಿ ಹಾಡಿದ ವಾರವೇ ವೋಟ್ ಹಾಕದೆ ಸುಮ್ನೆ ಕೂತಿದ್ದೇನೆ, ಮಾರನೆಯ ದಿನ ಅವರು ಕಣ್ಣೀರು ಒರೆಸಿಕೊಂಡು ಹೋಗುವುದನ್ನು ನೋಡಿ ತುಂಬಾ ದಿನ ಬೇಜಾರು ಮಾಡಿಕೊಂಡಿದ್ದೇನೆ.

ವೋಟ್ ಹಾಕುವವರನ್ನು ಎಬ್ಬಿಸುವುದು ಮೆಚ್ಚುಗೆಗಿಂತ ಹೆಚ್ಚಾಗಿ ಭಯ. ತಮ್ಮವರು ಹೋಗಿಬಿಡುತ್ತಾರೆ ಅನ್ನುವ ಭಯ. ಹಿಂದಿನ ವಾರ ಕೊನೆಯ ಮೂವರಲ್ಲಿ ಸಿಕ್ಕಿಕೊಂಡು ಪಾರಾದವರ ಅಭಿಮಾನಿಗಳು ಈ ವಾರ ಫೋನ್ ಕೆಳಗಿಡುವುದಿಲ್ಲ. ಯಾವತ್ತೂ ಅಪಾಯಕ್ಕೆ ಬೀಳದವರ ಅಭಿಮಾನಿಗಳು ಊಟ ಮಾಡಿ ಮಲಗುತ್ತಾರೆ.

2006ರಲ್ಲಿ ಅಮೆರಿಕನ್ ಐಡಲ್‌ನ ಐದನೇ ಸೀಸನ್‌ನಲ್ಲಿ ಕ್ರಿಸ್ ಡಾಟ್ರಿ ಗೆದ್ದೇ ಗೆಲ್ಲುತ್ತಾರೆ ಅಂತ ಬಹಳ ಜನ ನಂಬಿದ್ದರು. ಅವರು ನಾಲ್ಕನೇ ಸ್ಥಾನದಲ್ಲಿ ಹೊರಬಿದ್ದರು. ಹೆಸರು ಕೂಗಿದಾಗ ಅವರ ಮುಖ ಬಿಳಿಚಿಕೊಂಡದ್ದನ್ನು ನೋಡಿದವರು ಮರೆಯುವುದಿಲ್ಲ. ಅದೇ ವರ್ಷದ ಕೊನೆಗೆ ಬಂದ ಅವರ ಬ್ಯಾಂಡಿನ ಮೊದಲ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅಷ್ಟು ಜನ ದುಡ್ಡು ಕೊಟ್ಟು ಆಲ್ಬಮ್ ಕೊಂಡರು. ಆ ಒಂದು ರಾತ್ರಿ ಅವರಲ್ಲಿ ಎಷ್ಟು ಜನ ಫೋನ್ ಎತ್ತಿದ್ದರೋ.

ತೀರ್ಪುಗಾರರ ಹೊಗಳಿಕೆಯೂ ಇಲ್ಲಿ ಕಾಟ ಕೊಡುತ್ತದೆ. "ನೀನು ಫೈನಲ್‌ನಲ್ಲಿ ಇದ್ದಂತೆಯೇ" ಅಂತ ಹೇಳಿದರೆ ಮನೆಯಲ್ಲಿ ಕೂತವರಿಗೆ ಅದು "ಇವರಿಗೆ ನಿಮ್ಮ ವೋಟ್ ಬೇಡ" ಅಂತ ಕೇಳಿಸಬಹುದು. ಬೈಗುಳ ತಿಂದವರಿಗೆ ಜನರ ಕರುಣೆ ಹರಿದು ಬರುತ್ತದೆ.

ಒಬ್ಬರಿಗೆ ಒಂದು ವೋಟ್ ಅಲ್ಲ

ಚುನಾವಣೆಯಲ್ಲಿ ಒಬ್ಬರಿಗೆ ಒಂದೇ ಮತ. ಇಲ್ಲಿ ಹಾಗಲ್ಲ. ಅನೇಕ ಕಾರ್ಯಕ್ರಮಗಳಲ್ಲಿ ಒಬ್ಬರೇ ಹತ್ತು, ಐವತ್ತು ಅಥವಾ ಬೆರಳು ನೋಯುವ ತನಕ ಎಷ್ಟು ಬೇಕಾದರೂ ಹಾಕಬಹುದು. 2011ರಲ್ಲಿ ಅಮೆರಿಕನ್ ಐಡಲ್ ಆನ್‌ಲೈನ್ ವೋಟಿಂಗ್ ತಂದಾಗ ಒಬ್ಬರಿಗೆ 50ರ ಮಿತಿ ಇಟ್ಟಿತ್ತು. ಫೋನ್‌ನಲ್ಲಿ ಅಂಥ ಮಿತಿಯೂ ಇರಲಿಲ್ಲ.

ಇದರ ಅರ್ಥ ಏನು? ಒಂದು ಲಕ್ಷ ಜನಕ್ಕೆ ಇಷ್ಟವಾಗಿ ತಲಾ ಒಂದು ವೋಟ್ ಸಿಕ್ಕರೆ ಒಂದು ಲಕ್ಷ. ಐದೇ ಸಾವಿರ ಜನಕ್ಕೆ ಹುಚ್ಚು ಹಿಡಿದು ತಲಾ ಮೂವತ್ತು ಹಾಕಿದರೆ ಒಂದೂವರೆ ಲಕ್ಷ. ರಾತ್ರಿ ಎರಡು ಗಂಟೆ ಕೂತು ಒಂದೇ ನಂಬರ್ ಒತ್ತುವ ಪುರುಸೊತ್ತು, ಹುರುಪು ಯಾರಿಗಿರುತ್ತದೆ? ಹೆಚ್ಚಾಗಿ ಹದಿಹರೆಯದವರಿಗೆ. ನಡುವಯಸ್ಸಿನವರು ಕಣ್ಣುಮುಚ್ಚಿ ಕೇಳಿ ತಲೆದೂಗುತ್ತಾರೆ, ಅಲ್ಲಿಗೆ ಅವರ ಕೆಲಸ ಮುಗಿಯಿತು. ಅವರಿಗೆ ಇಷ್ಟವಾಗುವ ಗಾಯಕರಿಗೆ ಇದೇ ದೊಡ್ಡ ಪೆಟ್ಟು.

ಬೆನ್ನಿಗೆ ನಿಲ್ಲುವ ಊರು, ಸಮುದಾಯ ಇದ್ದರೆ ಕಥೆಯೇ ಬೇರೆ. 2007ರ ಇಂಡಿಯನ್ ಐಡಲ್‌ನಲ್ಲಿ ಕೋಲ್ಕತಾ ಪೊಲೀಸ್‌ನಲ್ಲಿದ್ದ ಪ್ರಶಾಂತ್ ತಮಾಂಗ್ ಗೆದ್ದಾಗ ಡಾರ್ಜಿಲಿಂಗ್ ಬೆಟ್ಟದ ಜನ ಚಂದಾ ಎತ್ತಿ ಎಸ್‌ಎಂಎಸ್ ಕಳಿಸಿದ್ದರು. ಅವರ ಎದುರು ಫೈನಲ್‌ನಲ್ಲಿದ್ದವರು ಶಿಲ್ಲಾಂಗ್‌ನ ಅಮಿತ್ ಪಾಲ್. ಅವರಿಗೂ ಈಶಾನ್ಯದ ದೊಡ್ಡ ಬೆಂಬಲ ಇತ್ತು. ಇದನ್ನು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಟಿವಿಯಲ್ಲಿ ತಮ್ಮ ಮುಖವನ್ನೇ ಕಾಣದ ಜನಕ್ಕೆ ಒಬ್ಬರು ಸಿಕ್ಕಾಗ ಹಾಗೆ ಅಪ್ಪಿಕೊಳ್ಳುವುದು ಸಹಜ. ಆದರೆ ಅದೇ ವೇದಿಕೆಯಲ್ಲಿ ಹಿಂದೆ ಯಾರೂ ಇಲ್ಲದೆ ಬರೀ ದನಿ ನಂಬಿಕೊಂಡು ಬಂದವರು ಮೊದಲ ಕೆಲವು ವಾರಗಳಲ್ಲೇ ಉದುರಿಹೋಗುತ್ತಾರೆ.

ಫೋನ್ ಲೈನಿನದೂ ಒಂದು ತೊಡಕು ಇತ್ತು. 2003ರ ಅಮೆರಿಕನ್ ಐಡಲ್ ಫೈನಲ್‌ನಲ್ಲಿ ಬಂದ ಮತ ಸುಮಾರು 2 ಕೋಟಿ 40 ಲಕ್ಷ. ರೂಬೆನ್ ಸ್ಟಡರ್ಡ್ ಅವರು ಕ್ಲೇ ಏಕನ್ ಅವರನ್ನು ಸೋಲಿಸಿದ್ದು ಸುಮಾರು 1,34,000 ಮತಗಳಿಂದ, ಅಂದರೆ ನೂರಕ್ಕೆ ಒಂದು ಮತವೂ ಅಂತರ ಇಲ್ಲ. ಇಬ್ಬರ ಲೈನ್‌ಗಳೂ ತುಂಬಿಹೋದರೆ ಒಳಗೆ ಹೋಗುವುದು ಲೈನ್ ಹಿಡಿಸುವಷ್ಟೇ ಕರೆ. ಹೊರಗೆ ಎಷ್ಟು ಜನ ಪ್ರಯತ್ನ ಪಡುತ್ತಿದ್ದಾರೆ ಅನ್ನೋದು ಲೆಕ್ಕಕ್ಕೆ ಬರುವುದೇ ಇಲ್ಲ. ಹೆಚ್ಚು ಜನಪ್ರಿಯರಾದವರಿಗೆ ಎಂಗೇಜ್ ಟೋನ್‌ನಲ್ಲೇ ವೋಟ್ ಸೋರಿಹೋಗುತ್ತದೆ.

ತೊಂಬತ್ತು ಸೆಕೆಂಡಿನ ಹಾಡು

ಈಗ ಹಾಡಿನ ಕಡೆಗೇ ಬರೋಣ. ನನಗೆ ತುಂಬಾ ನೋವು ಕೊಡುವ ಭಾಗ ಇದು.

ಟಿವಿಯಲ್ಲಿ ಇಡೀ ಹಾಡು ಹಾಡಿಸುವುದು ಕಡಿಮೆ. ಒಂದೂವರೆ, ಎರಡು ನಿಮಿಷಕ್ಕೆ ಕತ್ತರಿಸುತ್ತಾರೆ. ಪಲ್ಲವಿ, ಒಂದು ಚರಣ, ಮತ್ತೆ ಪಲ್ಲವಿ, ಕೊನೆಗೊಂದು ಏರು ದನಿ. ಈಗ ಒಬ್ಬ ಹುಡುಗಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅವಳ ದನಿಯ ಸೊಗಸು ಇರುವುದು ಕೆಳಗಿನ ಸ್ಥಾಯಿಯಲ್ಲಿ. ಮೊದಲ ಸಾಲನ್ನು ಮೆಲ್ಲಗೆ, ಉಸಿರಿನ ಜೊತೆಯಲ್ಲೇ ಬಿಡುತ್ತಾಳೆ. ಎರಡನೇ ಚರಣಕ್ಕೆ ಬರುವ ಹೊತ್ತಿಗೆ ದನಿ ಬೆಚ್ಚಗಾಗಿ, ಒಂದು ಗಮಕ ಹಾಕಿ ಶಬ್ದವನ್ನು ಹಾಗೇ ನಿಲ್ಲಿಸುತ್ತಾಳೆ. ಆ ಜಾಗದಲ್ಲಿ ಕೇಳುವವರಿಗೆ ಮೈ ಜುಮ್ ಅನ್ನುತ್ತದೆ. ಆದರೆ ಟಿವಿಗೆ ಕತ್ತರಿಸಿದ ಹಾಡಿನಲ್ಲಿ ಎರಡನೇ ಚರಣವೇ ಇಲ್ಲ. ಅವಳು ಮೆಟ್ಟಿಲು ಹತ್ತಿ ಬಾಗಿಲ ಹತ್ತಿರ ಬರುವಷ್ಟರಲ್ಲಿ ಚಪ್ಪಾಳೆ ಬಿದ್ದು ಹಾಡು ಮುಗಿದಿರುತ್ತದೆ. "ಚೆನ್ನಾಗಿತ್ತು, ಆದರೆ ಏನೋ ಕಡಿಮೆ ಆಯಿತು" ಅನ್ನುತ್ತಾರೆ ತೀರ್ಪುಗಾರರು. ಕಡಿಮೆ ಆದದ್ದು ಆ ಚರಣ.

ಅದಕ್ಕೇ ಮೊದಲ ಹತ್ತು ಸೆಕೆಂಡಿನಲ್ಲೇ ಗಮನ ಸೆಳೆದು, ಕೊನೆಯ ಹತ್ತು ಸೆಕೆಂಡಿನಲ್ಲಿ ಎತ್ತರದ ಸ್ವರಕ್ಕೆ ಹೋಗಿ ನಿಲ್ಲುವವರಿಗೆ ಈ ವೇದಿಕೆ ಒಗ್ಗುತ್ತದೆ. ಆ ಎತ್ತರದ ಸ್ವರಕ್ಕಾಗಿಯೇ ಕೆಲವರು ತಮ್ಮ ಶ್ರುತಿಗಿಂತ ಸ್ವಲ್ಪ ಮೇಲೆ ಹಾಡು ಹಿಡಿಯುತ್ತಾರೆ. ರಿಹರ್ಸಲ್‌ನಲ್ಲಿ ಆ ಸ್ವರ ಸಿಕ್ಕಿರುತ್ತದೆ. ಮೂರು ದಿನ ನಿದ್ದೆ ಇಲ್ಲದೆ ಪ್ರಾಕ್ಟೀಸ್ ಮಾಡಿದ ಗಂಟಲಿಗೆ ಚಿತ್ರೀಕರಣದ ದಿನ ಅದೇ ಸ್ವರ ಕೈಕೊಡುತ್ತದೆ.

ಹಾಡಿನ ಆಯ್ಕೆಯೂ ಅಷ್ಟೇ ದೊಡ್ಡ ವಿಷಯ. ವಾರಕ್ಕೊಂದು ಥೀಮ್ ಕೊಟ್ಟಾಗ ಕೆಲವರಿಗೆ ಅದು ಹಬ್ಬ, ಕೆಲವರಿಗೆ ಗಂಡಾಂತರ. ಎಲ್ಲರಿಗೂ ಗೊತ್ತಿರುವ ಹಾಡು ಹಾಡಿದರೆ ಮೂಲ ಗಾಯಕರ ಜೊತೆ ಹೋಲಿಸುತ್ತಾರೆ. ಯಾರಿಗೂ ಗೊತ್ತಿಲ್ಲದ ಹಾಡು ಹಾಡಿದರೆ ಜನ ಜೊತೆಗೆ ಗುನುಗುವುದಿಲ್ಲ. ಎರಡರ ನಡುವಿನ ಸಂದಿಯನ್ನು ಪ್ರತಿ ವಾರ ಹುಡುಕಬೇಕು, ಅದೂ ಹಕ್ಕುಗಳ ಅನುಮತಿ ಸಿಕ್ಕ ಹಾಡುಗಳ ಪಟ್ಟಿಯೊಳಗೆ.

ಇನ್ನೊಂದು ಮಾತು. ಸ್ಟುಡಿಯೋದಲ್ಲಿ ಕೂತ ತೀರ್ಪುಗಾರರಿಗೆ ಕೇಳಿಸುವುದು ಒಂದು, ಮನೆಯಲ್ಲಿ ನಮಗೆ ಕೇಳಿಸುವುದು ಇನ್ನೊಂದು. ಅಲ್ಲಿ ವಾದ್ಯಗಳ ಅಬ್ಬರ, ಜನರ ಕೂಗು, ಸ್ಪೀಕರ್‌ಗಳ ಗುಂಗು. ಇಲ್ಲಿ ಪ್ರಸಾರಕ್ಕೆ ಅಂತ ಬೇರೆಯಾಗಿ ಮಿಕ್ಸ್ ಮಾಡಿದ ಶಬ್ದ, ದನಿ ಮುಂದೆ, ವಾದ್ಯ ಹಿಂದೆ. ಸಭೆಯಲ್ಲಿ ಮುಚ್ಚಿಹೋದ ಅಪಸ್ವರ ಮನೆಯಲ್ಲಿ ಚುಚ್ಚುತ್ತದೆ. ಸಭೆ ನಡುಗಿಸಿದ ದೊಡ್ಡ ದನಿ ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಕಿರುಚಿದಂತೆ ಕೇಳುತ್ತದೆ. ತೀರ್ಪುಗಾರರಿಗೂ ಜನಕ್ಕೂ ಅಭಿಪ್ರಾಯ ಬೇರೆಯಾದಾಗ ಇಬ್ಬರೂ ಪ್ರಾಮಾಣಿಕರೇ ಆಗಿರಬಹುದು.

ಎಷ್ಟನೆಯವರಾಗಿ ಹಾಡಿದರು?

ಮೊದಲು ಹಾಡಿದವರನ್ನು ಎರಡು ಗಂಟೆ ಕಳೆದ ಮೇಲೆ ಎಷ್ಟು ಜನ ನೆನಪಿಟ್ಟಿರುತ್ತಾರೆ? ಐಡಲ್ ಮಾದರಿಯ ಸ್ಪರ್ಧೆಗಳನ್ನೂ ಯುರೋಪಿನ ದೇಶಗಳ ನಡುವಿನ ಯೂರೋವಿಷನ್ ಹಾಡಿನ ಸ್ಪರ್ಧೆಯನ್ನೂ ಅಧ್ಯಯನ ಮಾಡಿದ ಸಂಶೋಧಕರು ಕಂಡುಕೊಂಡದ್ದು ಇದನ್ನೇ: ಕೊನೆಯ ಕಡೆ ಹಾಡಿದವರಿಗೆ ಅನುಕೂಲ ಜಾಸ್ತಿ. ಯೂರೋವಿಷನ್ ಶುರುವಾದದ್ದು 1956ರಲ್ಲಿ. ಅಲ್ಲಿಂದ 2025ರವರೆಗೆ ಫೈನಲ್‌ನಲ್ಲಿ ಎರಡನೆಯವರಾಗಿ ಹಾಡಿದ ಯಾರೂ ಗೆದ್ದಿಲ್ಲ. ಹಾಡುವ ಕ್ರಮ ಮೊದಲು ಚೀಟಿ ಎತ್ತಿ ತೀರ್ಮಾನವಾಗುತ್ತಿತ್ತು, 2013ರಿಂದ ನಿರ್ಮಾಪಕರೇ ಜೋಡಿಸುತ್ತಿದ್ದಾರೆ. ಬಹುತೇಕ ಟಿವಿ ಸ್ಪರ್ಧೆಗಳಲ್ಲೂ ಹಾಗೇ. ಯಾರ ಹಾಡು ಕೊನೆಗೆ, ಯಾರ ಮನೆಯ ಕಥೆ ಐದು ನಿಮಿಷ, ಯಾರದು ಅರ್ಧ ನಿಮಿಷ ಅನ್ನೋದೆಲ್ಲ ಅವರ ಕೈಯಲ್ಲಿ. ಒಂದೂ ಮತ ತಿದ್ದದೆ ಒಬ್ಬರನ್ನು ಮೇಲೆ ಎತ್ತಲು, ಕೆಳಗೆ ಇಳಿಸಲು ಇಷ್ಟು ಸಾಕು.

"ಅರ್ಧ ತೀರ್ಪುಗಾರರು, ಅರ್ಧ ಜನ" ಅನ್ನೋ ಲೆಕ್ಕ

ತೀರ್ಪುಗಾರರ ಅಂಕಕ್ಕೆ ಅರ್ಧ, ಜನರ ಮತಕ್ಕೆ ಅರ್ಧ ಅಂತ ಕೇಳಿದಾಗ ನ್ಯಾಯವಾಗಿದೆ ಅನ್ನಿಸುತ್ತದೆ. ಆದರೆ ಅದು ನಿಜವಾಗಿ ಅರ್ಧ ಹೌದಾ? ಲೆಕ್ಕ ಹಾಕಿ ನೋಡೋಣ.

ಮೂವರು ತೀರ್ಪುಗಾರರು, ತಲಾ ಹತ್ತು ಅಂಕ, ಒಟ್ಟು ಮೂವತ್ತು. ಒಬ್ಬ ಗಾಯಕಿಗೆ 29 ಬಂತು, ಇನ್ನೊಬ್ಬ ಗಾಯಕನಿಗೆ 27. ಐವತ್ತಕ್ಕೆ ಇಳಿಸಿದರೆ 48.3 ಮತ್ತು 45. ವ್ಯತ್ಯಾಸ 3.3 ಅಷ್ಟೇ. ಜನರ ಮತದಲ್ಲಿ ಗಾಯಕನಿಗೆ ನಲವತ್ತು ಸಾವಿರ, ಗಾಯಕಿಗೆ ಮೂವತ್ತು ಸಾವಿರ. ಅತಿ ಹೆಚ್ಚು ಬಂದವರಿಗೆ ಪೂರ್ತಿ ಐವತ್ತು ಕೊಟ್ಟರೆ ಗಾಯಕಿಗೆ 37.5. ಒಟ್ಟು ಸೇರಿಸಿ: ಗಾಯಕನಿಗೆ 95, ಗಾಯಕಿಗೆ 85.8.

ತೀರ್ಪುಗಾರರು ಹೆಚ್ಚಾಗಿ 8ರಿಂದ 10ರ ನಡುವೆಯೇ ಅಂಕ ಕೊಡುತ್ತಾರೆ. ಯಾರನ್ನೂ ನೋಯಿಸಲು ಅವರಿಗೆ ಇಷ್ಟ ಇರುವುದಿಲ್ಲ. ಆದ್ದರಿಂದ ಅವರ ಅರ್ಧದಲ್ಲಿ ಎಲ್ಲರೂ ಒಂದೇ ಕಡೆ ಗುಂಪಾಗಿರುತ್ತಾರೆ. ಜನರ ಅರ್ಧದಲ್ಲಿ ಒಬ್ಬರು ಬೆಟ್ಟದ ಮೇಲೆ, ಇನ್ನೊಬ್ಬರು ಕೆರೆಯಲ್ಲಿ. ಕೊನೆಗೆ ತೀರ್ಮಾನ ಮಾಡುವುದು ಜನರ ಅರ್ಧವೇ. ಯೂರೋವಿಷನ್‌ನಲ್ಲಿ ಈ ತೊಂದರೆ ಕಡಿಮೆ, ಯಾಕೆಂದರೆ ಅಲ್ಲಿ ತೀರ್ಪುಗಾರರೂ 12, 10, 8 ಅಂತ ಕ್ರಮವಾಗಿ ಅಂಕ ಹಂಚಲೇಬೇಕು. ಎಲ್ಲರಿಗೂ ಹತ್ತಕ್ಕೆ ಒಂಬತ್ತೂವರೆ ಕೊಟ್ಟು ಕೈತೊಳೆದುಕೊಳ್ಳಲು ಆಗುವುದಿಲ್ಲ. ನನ್ನ ಪ್ರಕಾರ ಸರಿಯಾದ ದಾರಿ ಅದೇ.

ಬ್ರಿಟನ್ನಿನ ಎಕ್ಸ್ ಫ್ಯಾಕ್ಟರ್ ಬೇರೆ ದಾರಿ ಹಿಡಿದಿತ್ತು. ಕಡಿಮೆ ಮತ ಬಂದ ಇಬ್ಬರನ್ನು ಮತ್ತೆ ಹಾಡಿಸಿ, ಯಾರು ಹೋಗಬೇಕು ಅಂತ ತೀರ್ಪುಗಾರರನ್ನು ಕೇಳುವುದು. ಅವರಲ್ಲಿ ಸಮಸಮ ಬಂದರೆ ಮತ್ತೆ ಜನರ ಮತವೇ ತೀರ್ಪು. ದಿ ವಾಯ್ಸ್‌ನಲ್ಲಿ ತೀರ್ಪುಗಾರರು ತಲಾ ಒಂದು ಗಾಯಕರ ತಂಡ ಕಟ್ಟಿಕೊಂಡು, ಒಂದೇ ತಂಡದ ಇಬ್ಬರನ್ನು ಒಂದೇ ಹಾಡಿಗೆ ಎದುರುಬದುರು ನಿಲ್ಲಿಸುತ್ತಾರೆ. ಇಬ್ಬರೂ ಅದ್ಭುತವಾಗಿ ಹಾಡಿದರೂ ಆ ತಂಡದಲ್ಲಿ ಸಾಮಾನ್ಯವಾಗಿ ಉಳಿಯುವುದು ಒಬ್ಬರೇ.

ಅಮೆರಿಕನ್ ಐಡಲ್ 2009ರಲ್ಲಿ ತೀರ್ಪುಗಾರರಿಗೆ ಒಂದು ಅಧಿಕಾರ ಕೊಟ್ಟಿತು: ಸೀಸನ್‌ಗೆ ಒಂದೇ ಒಂದು ಸಲ, ಹೊರಗೆ ಹೋಗಬೇಕಾದವರನ್ನು ಉಳಿಸಬಹುದು. 2012ರಲ್ಲಿ ಏಳು ಜನ ಉಳಿದಿದ್ದಾಗ ಎಲ್ಲರಿಗಿಂತ ಕಡಿಮೆ ಮತ ಬಂದದ್ದು ಜೆಸ್ಸಿಕಾ ಸ್ಯಾಂಚೆಝ್ ಅವರಿಗೆ. ತೀರ್ಪುಗಾರರು ಉಳಿಸಿಕೊಂಡರು. ಅದೇ ಹುಡುಗಿ ಮುಂದಿನ ತಿಂಗಳು ಫೈನಲ್ ತಲುಪಿ ಎರಡನೆಯವರಾದರು. ದನಿ ಅದೇ, ಜನ ಅವರೇ. ಒಂದು ವಾರದ ಲೆಕ್ಕದಲ್ಲಿ ಕಟ್ಟಕಡೆ, ಇನ್ನೊಂದು ವಾರದ ಲೆಕ್ಕದಲ್ಲಿ ತುತ್ತತುದಿ. ಒಂದು ವರ್ಷ ಮೊದಲು ಪಿಯಾ ಟೊಸ್ಕಾನೋ ಅವರಿಗೆ ಈ ಅದೃಷ್ಟ ಇರಲಿಲ್ಲ. ಅವರು ಒಂಬತ್ತನೇ ಸ್ಥಾನದಲ್ಲಿ ಹೊರಬಿದ್ದಾಗ ತೀರ್ಪುಗಾರರು ಸಿಟ್ಟಾದರು, ಅತ್ತರು. ಆದರೆ ಆ ಒಂದು ಅವಕಾಶವನ್ನು ಎರಡು ವಾರ ಮೊದಲೇ ಕೇಸಿ ಏಬ್ರಮ್ಸ್ ಅವರಿಗೆ ಬಳಸಿಬಿಟ್ಟಿದ್ದರು.

ನಮ್ಮ ಕಡೆಯ ಉದಾಹರಣೆ ಬೇಕಾದರೆ, 2005ರ ಫೇಮ್ ಗುರುಕುಲ್‌ನಲ್ಲಿ ಅರಿಜಿತ್ ಸಿಂಗ್ ಫೈನಲ್ ತಲುಪುವ ಮೊದಲೇ ಹೊರಬಿದ್ದರು. ನೇಹಾ ಕಕ್ಕರ್ ಇಂಡಿಯನ್ ಐಡಲ್‌ನ ಎರಡನೇ ಸೀಸನ್‌ನಲ್ಲಿ ಎಲಿಮಿನೇಟ್ ಆದವರು, ಮುಂದೆ ಅದೇ ಕಾರ್ಯಕ್ರಮದ ತೀರ್ಪುಗಾರರ ಕುರ್ಚಿಯಲ್ಲಿ ಕೂತರು.

ನಿಜವಾಗಿಯೂ ಮೋಸ ನಡೆದಾಗ

ಮೋಸದ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ ಅಂದಿದ್ದೆ. 2019ರ ಜುಲೈ, ದಕ್ಷಿಣ ಕೊರಿಯಾ. ಪ್ರೊಡ್ಯೂಸ್ ಎಕ್ಸ್ 101 ಅನ್ನುವ ಸ್ಪರ್ಧೆಯ ಫೈನಲ್. ಹಾಡಿ ಕುಣಿಯುವ ಹುಡುಗರಲ್ಲಿ ಹನ್ನೊಂದು ಜನರನ್ನು ಆರಿಸಿ ಒಂದು ತಂಡ ಕಟ್ಟುವ ಕಾರ್ಯಕ್ರಮ ಅದು. ಪರದೆಯ ಮೇಲೆ ಪ್ರತಿಯೊಬ್ಬರಿಗೆ ಬಂದ ಮತ ತೋರಿಸಿದರು. ಅಭಿಮಾನಿಗಳು ಆ ಸಂಖ್ಯೆಗಳನ್ನು ಬರೆದುಕೊಂಡು ಕಳೆಯುತ್ತಾ ಹೋದರು. ಮೊದಲನೆಯವರಿಗೂ ಎರಡನೆಯವರಿಗೂ ಅಂತರ 29,978. ಮೂರನೆಯವರಿಗೂ ನಾಲ್ಕನೆಯವರಿಗೂ 29,978. ಆರನೆಯವರಿಗೂ ಏಳನೆಯವರಿಗೂ ಅದೇ. ಏಳನೆಯವರಿಗೂ ಎಂಟನೆಯವರಿಗೂ ಅದೇ. ಹತ್ತನೆಯವರಿಗೂ ಹನ್ನೊಂದನೆಯವರಿಗೂ ಅದೇ. ಲಕ್ಷಾಂತರ ಜನ ಹಾಕಿದ ಮತದಲ್ಲಿ ಒಂದೇ ಸಂಖ್ಯೆ ಐದು ಸಲ ಬರುವುದುಂಟಾ? ದೂರು ಹೋಯಿತು, ತನಿಖೆ ಆಯಿತು, ಫಲಿತಾಂಶ ತಿದ್ದಿದ್ದು ಸಾಬೀತಾಯಿತು. 2020ರಲ್ಲಿ ಕಾರ್ಯಕ್ರಮದ ನಿರ್ಮಾಪಕರಲ್ಲಿ ಒಬ್ಬರಿಗೆ ಎರಡು ವರ್ಷ ಜೈಲು ಶಿಕ್ಷೆ ಆಯಿತು. ಹದಿಹರೆಯದ ಹುಡುಗರು ಶಾಲೆ, ನಿದ್ದೆ ಬಿಟ್ಟು ತಿಂಗಳುಗಟ್ಟಲೆ ಬೆವರು ಸುರಿಸಿದ್ದರು. ಯಾರು ಉಳಿಯಬೇಕು ಅಂತ ಮೊದಲೇ ಬರೆದಿಟ್ಟಾಗಿತ್ತು.

ಇದು ಸಿಕ್ಕಿಬಿದ್ದದ್ದು ಸಂಖ್ಯೆಗಳನ್ನು ಪರದೆಯ ಮೇಲೆ ತೋರಿಸಿದ್ದರಿಂದ. ಬ್ರಿಟನ್ನಿನ ಎಕ್ಸ್ ಫ್ಯಾಕ್ಟರ್ ಅನೇಕ ವರ್ಷ ಸೀಸನ್ ಮುಗಿದ ಮೇಲೆ ಪ್ರತಿ ವಾರ ಯಾರಿಗೆ ಶೇಕಡಾ ಎಷ್ಟು ಮತ ಬಂದಿತ್ತು ಅಂತ ಪ್ರಕಟಿಸುತ್ತಿತ್ತು. 2010ರಲ್ಲಿ ಒನ್ ಡೈರೆಕ್ಷನ್ ಅನ್ನುವ ಹುಡುಗರ ತಂಡ ಮೂರನೇ ಸ್ಥಾನಕ್ಕೆ ನಿಂತಾಗ ಅವರು ಯಾವ ವಾರ ಎಲ್ಲಿದ್ದರು ಅಂತ ಯಾರು ಬೇಕಾದರೂ ನೋಡಬಹುದಿತ್ತು. ಹೆಚ್ಚಿನ ಕಾರ್ಯಕ್ರಮಗಳು ಇಷ್ಟನ್ನೂ ಮಾಡುವುದಿಲ್ಲ. "ಅತಿ ಕಡಿಮೆ ಮತ ಬಂದವರು" ಅಂತ ಒಂದು ಹೆಸರು ಕೂಗುತ್ತಾರೆ, ಸಂಗೀತ ಹಾಕುತ್ತಾರೆ, ಅಪ್ಪುಗೆ, ಕಣ್ಣೀರು, ಜಾಹೀರಾತು.

ಹೋಗುತ್ತಿರುವವರ ವಯಸ್ಸು ಬಹಳ ಸಲ ಹದಿನೆಂಟು, ಇಪ್ಪತ್ತು. ತನಗೆ ಕಡಿಮೆ ಬಿದ್ದದ್ದು ಇನ್ನೂರು ಮತವೋ ಎರಡು ಲಕ್ಷವೋ ಅವರಿಗೆ ಗೊತ್ತಾಗುವುದಿಲ್ಲ. ತನ್ನ ಬಗೆಯ ವೋಟ್ ಹಂಚಿಹೋಯಿತೋ, ಎರಡನೆಯವರಾಗಿ ಹಾಡಿದ್ದು ಪೆಟ್ಟಾಯಿತೋ, ಕತ್ತರಿಸಿದ ಚರಣ ಕೈಕೊಟ್ಟಿತೋ, ಯಾವುದೂ ಗೊತ್ತಾಗುವುದಿಲ್ಲ. ಮನೆಗೆ ಹೋಗಿ ದನಿಯಲ್ಲೇ ಏನೋ ದೋಷ ಇದೆ ಅಂತ ತಂಬೂರಿ ಮೂಲೆಗಿಡುವವರೂ ಇದ್ದಾರೆ. ಆ ರಾತ್ರಿಯ ಮತಗಳ ಪಟ್ಟಿಯನ್ನು ಅವರ ಕೈಗಾದರೂ ಕೊಟ್ಟು ಕಳಿಸಬೇಕು.